ಬಲಗಾಲಿನ ಸದ್ದು

ಟೀಚರ್ ತನ್ನ ದೇಶಕ್ಕೆ ವಿಮಾನ ಹತ್ತಿದ ವಾರವೇ ಕುಣಿತದ ಹಾಲ್‌ನ ಎಸಿ ಸೋರಲು ಹಿಡಿಯಿತು. ಸೋರಿದ ನೀರು ಹೋಗಿ ಕೂತದ್ದು ಕ್ಲಾಸಿಗೆ ಹಾಸಿದ್ದ ಹಲಗೆಗಳ ಅಡಿಯ ಫೋಮಿನಲ್ಲಿ. ಆಮೇಲೆ ಆದ ತಪ್ಪೆಲ್ಲ ಅಲ್ಲಿಂದ ಶುರು. ಎಸಿಯ ತಪ್ಪಲ್ಲ, ನನ್ನದು.

ಟೀಚರ್ ಐರ್ಲೆಂಡಿನವಳು, ನನ್ನ ಮಗಳ ಪ್ರಾಯ. ದುಬೈಯ ಊದ್ ಮೇಥಾದಲ್ಲಿ ಒಂದು ಕಟ್ಟಡದ ಮೊದಲನೇ ಮಾಳಿಗೆಯ ಹಾಲ್ ಹಿಡಿದು ಮಕ್ಕಳಿಗೆ ಅವಳ ದೇಶದ ಕುಣಿತ ಕಲಿಸುತ್ತಿದ್ದಳು. ಬೆನ್ನು ಕಂಬದ ಹಾಗೆ ನೆಟ್ಟಗಿರಬೇಕು, ಎರಡು ಕೈಯೂ ತೊಡೆಗೆ ಅಂಟಿರಬೇಕು. ಕೆಲಸವೆಲ್ಲ ಮೊಣಕಾಲಿನಿಂದ ಕೆಳಗೆ. ಮೊದಲು ನೋಡಿದಾಗ ಈ ಮಕ್ಕಳಿಗೆ ಯಾರೋ ಕೈ ಕಟ್ಟಿಹಾಕಿ ಶಿಕ್ಷೆ ಕೊಡುತ್ತಿದ್ದಾರೆ ಅಂದುಕೊಂಡಿದ್ದೆ.

ನನ್ನನ್ನು ಇಟ್ಟುಕೊಂಡದ್ದು ಗುಡಿಸಿ ಒರೆಸಲು. ಟೈಲ್ಸಿನ ನೆಲದ ಮೇಲೆ ಕುಣಿದರೆ ಮಕ್ಕಳ ಕಾಲು ಹಾಳಾಗುತ್ತದೆ ಅಂತ ಟೀಚರ್ ಇಪ್ಪತ್ತನಾಲ್ಕು ಹಲಗೆ ಮಾಡಿಸಿದ್ದಳು. ಹಾಲ್ ಬೇರೆಯವರೂ ಬಾಡಿಗೆಗೆ ಹಿಡಿಯುತ್ತಿದ್ದರು. ಆದ್ದರಿಂದ ಪ್ರತಿ ಕ್ಲಾಸಿಗೂ ಮೊದಲು ಫೋಮಿನ ಸುರುಳಿ ಬಿಡಿಸಿ ಹಾಸಿ, ಅದರ ಮೇಲೆ ಹಲಗೆ ಜೋಡಿಸಿ, ಸಂದಿಗೆ ಟೇಪು ಹಚ್ಚಬೇಕು. ಕ್ಲಾಸು ಮುಗಿದ ಮೇಲೆ ಎಲ್ಲ ಎತ್ತಿ ಸ್ಟೋರಿಗೆ. ಒಮ್ಮೆ ಟೀಚರಿನ ಗಂಟಲು ಕಟ್ಟಿತು. ಚಿಕ್ಕ ಮಕ್ಕಳು ಗಲಾಟೆ ಎಬ್ಬಿಸಿದ್ದರು. ನಾನು ಕಸಬರಿಕೆ ಕೆಳಗಿಟ್ಟು ಚಪ್ಪಾಳೆ ತಟ್ಟಿ ತುಳುವಿನಲ್ಲಿ ಲೆಕ್ಕ ಹಿಡಿದೆ: ಒಂಜಿ, ರಡ್ಡ್, ಮೂಜಿ, ನಾಲ್, ಐನ್, ಆಜಿ, ಏಳ್. ಪಕ್ಕಕ್ಕೆ ಏಳು ಹೆಜ್ಜೆ, ಆಮೇಲೆ ಎರಡು ಸಲ ಮೂರು ಮೂರು. ಈ ಕುಣಿತದ ಅಆಇಈ ಅದೇ. ಫಿಲಿಪ್ಪೀನಿನ ಮಗು, ಈಜಿಪ್ಟಿನ ಮಗು, ಮಲಯಾಳಿ ಮಗು, ಎಲ್ಲ ತುಳುವಿನಲ್ಲೇ ಕುಣಿದವು. ಅಂದಿನಿಂದ ಚಿಕ್ಕವರ ಮೊದಲ ಅರ್ಧ ಗಂಟೆ ನನ್ನದಾಯಿತು. ಮೊಣಕಾಲು ಹೋದ ಮುದುಕಿ, ಒಂದು ಹೆಜ್ಜೆಯನ್ನೂ ಕುಣಿದು ತೋರಿಸಿದವಳಲ್ಲ.

ಟೀಚರಿನ ತಂದೆ ಆಸ್ಪತ್ರೆಯಲ್ಲಿ ಮಲಗಿದ್ದರು. ಅಬುಧಾಬಿಯ ಸ್ಪರ್ಧೆಗೆ ಐದು ವಾರ ಇತ್ತು. ಅಷ್ಟರೊಳಗೆ ಬರುತ್ತೇನೆ ಅಂತ ಹೇಳಿ ಹೊರಟಳು. ಬೀಗದ ಕೈ ನನ್ನ ಕೈಗಿಟ್ಟು, "ಅಜ್ಜೀ, ಫ್ಲೋರ್ ಯೂ. ಸ್ಮಾಲ್ ಚಿಲ್ಡ್ರನ್ ಯೂ. ಬಿಗ್ ಗರ್ಲ್ ಹೆಲ್ಪ್," ಅಂದಳು. ನನ್ನ ಹತ್ತಿರ ಮಾತಾಡುವಾಗ ಅವಳ ಇಂಗ್ಲಿಷು ನನ್ನ ಇಂಗ್ಲಿಷಿನಷ್ಟೇ ಆಗುತ್ತಿತ್ತು. ಬಿಗ್ ಗರ್ಲ್ ಅಂದರೆ ಹದಿನಾರರ ಮಲಯಾಳಿ ಹುಡುಗಿ, ಟೀಚರಿನ ಹಳೆಯ ಶಿಷ್ಯೆ. ಅವಳಿಗೋ ಬೋರ್ಡ್ ಪರೀಕ್ಷೆ ಮೂಗಿನ ಮೇಲೆ ಬಂದಿತ್ತು.

ಸ್ಪರ್ಧೆಗೆ ಹೊರಟದ್ದು ನಾಲ್ಕು ಹುಡುಗಿಯರ ತಂಡ, ನಾಲ್ವರ ಕುಣಿತ. ಎಲ್ಲರೂ ಎಂಟು ಒಂಬತ್ತರ ಪ್ರಾಯ. ಮೂವರು ಆಗಲೇ ಹೇಳಿದ ಫಿಲಿಪ್ಪೀನಿನ, ಈಜಿಪ್ಟಿನ, ಮಲಯಾಳಿ ಮಕ್ಕಳು. ನಾಲ್ಕನೆಯವಳು ನಮ್ಮ ಉಡುಪಿ ಕಡೆಯವಳು. ತಾಯಿಗೆ ಆಫೀಸು ಕೆಲಸ, ಮನೆ ಅಲ್ ಬರ್ಷಾದಲ್ಲಿ. ಆ ನಾಲ್ವರಲ್ಲಿ ಕುಣಿತ ಕೂತದ್ದು ಇವಳ ಕಾಲಿನಲ್ಲಿ. ಹಾರಿದರೆ ಮೇಲೆಯೇ ಒಂದು ಗಳಿಗೆ ನಿಂತು ಇಳಿಯುವಳು. ತಂಡದಲ್ಲಿ ಮಾತ್ರವಲ್ಲ, ಗಟ್ಟಿ ಹಿಮ್ಮಡಿಯ ಶೂ ಹಾಕಿ ಒಬ್ಬಳೇ ಕುಣಿಯುವುದಕ್ಕೂ ಅವಳ ಹೆಸರು ಕೊಟ್ಟಾಗಿತ್ತು.

ಒದ್ದೆ ಫೋಮು ವಾಸನೆ ಬರುತ್ತಿತ್ತು. ಟೆರೇಸಿಗೆ ಹೊತ್ತು ಒಣಹಾಕಿದೆ. ಕಟ್ಟಡದ ನಾತೂರ್, ಅಂದರೆ ಕಾವಲಿನವ, ಮರುದಿನವೇ ಬಂದು ಟೆರೇಸಿನಲ್ಲಿ ಏನೂ ಇಡಬಾರದು ಅಂತ ಹಾರಾಡಿದ. ಅರೆಬರೆ ಒಣಗಿದ್ದನ್ನೇ ಸುತ್ತಿ ಸ್ಟೋರಿನ ಹಿಂದೆ ನೂಕಿದೆ. ಆ ದಿನ ಬರೀ ಟೈಲ್ಸಿನ ಮೇಲೆ ಹಲಗೆ ಹಾಸಿದೆ. ಇಪ್ಪತ್ತು ನಿಮಿಷದ ಕೆಲಸ ಉಳಿಯಿತು. ಇನ್ನೊಂದನ್ನೂ ಹೇಳಬೇಕು: ಸದ್ದು ಚೆನ್ನಾಗಿ ಬಂತು. ಫೋಮ್ ಇದ್ದಾಗ ಗುಮ್ ಗುಮ್ ಅನ್ನುತ್ತಿದ್ದ ಹೆಜ್ಜೆಗಳು ಈಗ ಟಣ್ ಟಣ್ ಅಂದವು. ಹಂಚಿನ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಹಂಚು ವಿಂಗಡಿಸಿದ ಕಿವಿ ನನ್ನದು. ಟಣ್ ಅಂದರೆ ಗಟ್ಟಿ, ಒಳ್ಳೆಯದು ಅಂತಲೇ ಅದಕ್ಕೆ ಅಭ್ಯಾಸ. ಮಕ್ಕಳಿಗೂ ಖುಷಿ. ಮುಂದಿನ ಕ್ಲಾಸಿಗೂ ಫೋಮ್ ಹಾಸಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಹಾಗೆ ಮೂರು ವಾರ.

ಮೂರನೆಯ ವಾರದ ಬುಧವಾರ ಮಕ್ಕಳ ಶೂಗಳ ಲೇಸು ಕಟ್ಟುತ್ತಾ ಕೂತಿದ್ದೆ. ನಮ್ಮ ಉಡುಪಿಯ ಹುಡುಗಿ ಗಟ್ಟಿ ಶೂ ಹಾಕಿ ಒಬ್ಬಳೇ ಅಭ್ಯಾಸ ಮಾಡುತ್ತಿದ್ದಳು. ಬೆನ್ನು ಹಾಕಿ ಕೂತಿದ್ದರೂ ಕೈ ನಿಂತಿತು. ಎಡಗಾಲು ಟಣ್. ಬಲಗಾಲು ಅಷ್ಟಿಲ್ಲ. ಲೆಕ್ಕ ತಪ್ಪಲಿಲ್ಲ, ಆದರೆ ಬಲಗಾಲು ನೆಲಕ್ಕೆ ಹೆದರಿಕೊಂಡು ಬೀಳುತ್ತಿತ್ತು.

"ಕಾಲು ನೋವುಂಟಾ?"

"ನೋ ಅಜ್ಜಿ. ಜಸ್ಟ್ ಟೈರ್ಡ್."

ಉಳುಕು ಇರಬೇಕು ಅಂದುಕೊಂಡೆ. ಇಲ್ಲಿ ಎರಡನೆಯ ತಪ್ಪು. ಎಣ್ಣೆ ಬಿಸಿ ಮಾಡಿ, ಮುಲಾಮು ಬೆರೆಸಿ, ಮೊಣಕಾಲಿನ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ತಿಕ್ಕಿದೆ. ನಮ್ಮಲ್ಲಿ ಉಳುಕಿಗೆ ಹಾಗೆಯೇ ಮಾಡುವುದು. ಒಂದು ಕಡೆ ಬೆರಳು ಬಿದ್ದಾಗ ಹುಡುಗಿ ಮೈ ಎಲ್ಲ ಸೆಟೆದು ತುಟಿ ಕಚ್ಚಿದಳು. ಹೆಬ್ಬೆರಳಿನಷ್ಟೇ ಜಾಗ. "ನರ ಹಿಡಿದದ್ದು, ಸರಿಯಾಗ್ತದೆ," ಅಂತ ನಾನೇ ಹೇಳಿದೆ. ಎರಡು ಕ್ಲಾಸು ಹಾಗೆಯೇ ತಿಕ್ಕಿ ಕುಣಿಸಿದೆ.

ಅದರ ನಂತರದ ಭಾನುವಾರ ಬಲಗಾಲಿನ ಸದ್ದು ಪೂರಾ ಬೇರೆಯಾಗಿತ್ತು. ಭಟ್ಟಿಯಿಂದ ಇಳಿಸಿದ ಹಂಚನ್ನು ಎಡಗೈಯಲ್ಲಿ ತೂಗಿ ಹಿಡಿದು ಬಲಗೈಯ ಗೆಣ್ಣಿನಿಂದ ಒಂದು ಪೆಟ್ಟು ಕೊಡುತ್ತಿದ್ದೆವು. ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ಅದು ದಬ್ ಅನ್ನುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಕಾಲು ಹಂಚಲ್ಲ, ಗೊತ್ತಿದೆ. ಆದರೂ ಹಾಡು ನಿಲ್ಲಿಸಿದೆ.

"ಎಡಗಾಲಿನಲ್ಲಿ ಹತ್ತು ಸಲ ಕುಪ್ಪಳಿಸು."

ಕುಪ್ಪಳಿಸಿದಳು.

"ಈಗ ಬಲಗಾಲು."

ಒಂದು, ಎರಡು. ಮೂರಕ್ಕೆ ನಕ್ಕಳು. ನಗುತ್ತಾ ಗೋಡೆ ಹಿಡಿದಳು. "ಐ ಡೋಂಟ್ ವಾಂಟ್ ಟು," ಅಂದಳು. ನಕ್ಕ ಕಣ್ಣಿನಲ್ಲಿ ನೀರು ತುಂಬಿತ್ತು.

ಅವಳ ಶೂ ಎರಡು ಜೋಡಿಯನ್ನೂ ತೆಗೆದು ಕಪಾಟಿಗೆ ಹಾಕಿ ಬೀಗ ಜಡಿದೆ. ಸಂಜೆ ಕರೆದುಕೊಂಡು ಹೋಗಲು ಬಂದ ತಾಯಿಗೆ ಹೇಳಿದೆ, ಕಾಲಿನ ಎಲುಬು ಡಾಕ್ಟರಿಗೆ ತೋರಿಸಿ ಅಂತ. ತಾಯಿ ಗಾಬರಿಯಾದಳು. ಮಾರನೆಯ ದಿನ ರಜೆ ಹಾಕಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಸ್ಪರ್ಧೆಗೆ ಹನ್ನೆರಡು ದಿನ ಇತ್ತು.

ಅದೇ ದಿನ ಟೀಚರಿನ ಸುದ್ದಿಯೂ ಬಂತು. ತಂದೆಗೆ ಜೋರಾಗಿದೆ, ಸ್ಪರ್ಧೆಯ ಹೊತ್ತಿಗೆ ಬರಲಾಗುವುದಿಲ್ಲ, ನೀವೇ ಕರೆದುಕೊಂಡು ಹೋಗಿ ಅಂತ. ಇಂಟರ್ನೆಟ್ಟಿನಲ್ಲಿ ನೇರವಾಗಿ ಫೋನ್ ಮಾಡಲು ದುಬೈಯಲ್ಲಿ ಬಿಡುತ್ತಿರಲಿಲ್ಲ. ಆದ್ದರಿಂದ ಮಾತನ್ನು ರೆಕಾರ್ಡ್ ಮಾಡಿ ಕಳಿಸುವುದು, ಅಲ್ಲಿಂದ ಬಂದದ್ದನ್ನು ಕೇಳುವುದು. ಉತ್ತರ ಬರುವವರೆಗೆ ಚಡಪಡಿಕೆ. ಹುಡುಗಿಯ ಕಾಲಿನ ವಿಷಯ ಹೇಳಿದೆ. ಫೋಮಿನ ವಿಷಯ ಹೇಳಲಿಲ್ಲ. ಹೇಳಬೇಕು ಅಂತ ಬಾಯಿ ತೆರೆದು, ಬಟನ್ ಬಿಟ್ಟುಬಿಟ್ಟೆ. "ಡಾಕ್ಟರ್ ಓಕೆ ಅಂದರೆ ಓಕೆ," ಅಂತ ಟೀಚರ್ ಹೇಳಿ ಕಳಿಸಿದಳು. ತಂದೆಯ ಮಂಚದ ಪಕ್ಕ ಕೂತವಳು ಇನ್ನೇನು ಹೇಳಿಯಾಳು?

ಬುಧವಾರ ತಾಯಿ ಮಗಳು ಇಬ್ಬರೂ ಬಂದರು. ಮಗಳು ಕುಣಿಯುವ ಬಟ್ಟೆ ಹಾಕಿಕೊಂಡೇ ಬಂದಿದ್ದಳು. ತಾಯಿಯ ಮುಖ ಬೆಳಗಿತ್ತು.

"ಅಕ್ಕ, ಎಕ್ಸ್‌ರೇ ತೆಗೆಸಿದೆವು. ಎಂತದೂ ಇಲ್ಲ. ಸುಮ್ಮನೆ ಹೆದರಿಸಿದ್ರಲ್ಲ ನೀವು!" ಒಂದು ಕಾಗದ ಮುಂದೆ ಹಿಡಿದಳು. "ನೋಡಿ, ಬರೆದು ಕೊಟ್ಟಿದ್ದಾರೆ."

"ನನಗೆ ಇಂಗ್ಲಿಷ್ ಓದ್ಲಿಕ್ಕೆ ಬರುದಿಲ್ಲ. ನೀವೇ ಓದಿ."

ಓದಿ ಹೇಳಿದಳು. ಎಲುಬು ಮುರಿದಿಲ್ಲ. ನೋವಿದ್ದರೆ ವಿಶ್ರಾಂತಿ, ಇಲ್ಲದಿದ್ದರೆ ಕುಣಿಯಬಹುದು.

"ನೋವುಂಟಾ ಅಂತ ಡಾಕ್ಟರ್ ಕೇಳಿದ್ರಾ?"

"ಕೇಳಿದ್ರು. ಇಲ್ಲ ಅಂದ್ಲು ಇವಳು."

"ಐ ಆಮ್ ಫೈನ್ ಅಜ್ಜಿ. ರಿಯಲಿ."

"ನೀನು ಸುಮ್ಮನಿರು. ನಿನ್ನ ಬಾಯಿಯನ್ನು ನಾನು ಕೇಳ್ಲಿಲ್ಲ. ಒಂದು ಸಲ ಬಲಗಾಲಿನಲ್ಲಿ ಕುಪ್ಪಳಿಸು, ಅಮ್ಮ ನೋಡ್ಲಿ."

ಹುಡುಗಿ ಕುಪ್ಪಳಿಸಿದಳು. ಹಲ್ಲು ಕಚ್ಚಿ ಹತ್ತು ಸಲವೂ ಕುಪ್ಪಳಿಸಿದಳು. ಮೂರು ದಿನದ ವಿಶ್ರಾಂತಿ ಸಿಕ್ಕಿತ್ತು, ಮೇಲೆ ಹಠ. ತಾಯಿ ನನ್ನ ಮುಖ ನೋಡಿದಳು. "ಆಯ್ತಲ್ಲ? ಇನ್ನೆಂತ?"

"ಸದ್ದು ಸರಿಯಿಲ್ಲ."

"ಎಂತ ಸದ್ದು?"

"ಇಳಿಯುವ ಸದ್ದು. ಎಡಗಾಲಿನ ಹಾಗಿಲ್ಲ."

"ಅಕ್ಕ, ನೀವೆಂತ ಎಲುಬಿನ ಡಾಕ್ಟ್ರಾ?"

"ಅಲ್ಲ."

"ಮತ್ತೆ? ಡಾಕ್ಟರ್ ಹೇಳಿದ್ದಾರೆ, ನಿಮ್ಮ ಟೀಚರ್ ಹೇಳಿದ್ದಾರೆ, ಇವಳೇ ಹೇಳ್ತಿದ್ದಾಳೆ. ಒಂದು ವರ್ಷದಿಂದ ಈ ಒಂದು ದಿನಕ್ಕೆ ಕಾಯ್ತಿದ್ದಾಳೆ ಮಾರಾಯ್ರೆ ಮಗು. ಆ ಶೂ ಕೊಡಿ. ಅದು ನಾವು ದುಡ್ಡು ಕೊಟ್ಟು ತಂದದ್ದು."

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಬೀಗದ ಕೈ ನನ್ನ ಸೊಂಟದಲ್ಲಿತ್ತು. ಉಳಿದ ಮೂವರ ತಾಯಂದಿರು ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಭಾಷೆ ಬಾರದಿದ್ದರೂ ವಿಷಯ ಅರ್ಥವಾಗಿತ್ತು. ಬಿಗ್ ಗರ್ಲ್ ಹಾಡಿನ ಪೆಟ್ಟಿಗೆಯ ಹತ್ತಿರ ನಿಂತಿದ್ದಳು. ಕಾಲು ನಿಂತಲ್ಲಿ ನಿಲ್ಲದೆ ನಾನು ಕಪಾಟಿನವರೆಗೆ ಹೋದೆ, ತಿರುಗಿ ಬಂದೆ, ಪುನಃ ಹೋದೆ. ಶೂ ಕೊಟ್ಟರೆ ಹುಡುಗಿ ಕುಣಿಯುತ್ತಾಳೆ. ಸದ್ದಿನ ಮಾತು ಯಾರ ಕಿವಿಗೂ ಹೋಗುವುದಿಲ್ಲ. ಈ ಹೆಂಗಸು ನಂಬುವ ಮಾತು ನನ್ನ ಹತ್ತಿರ ಒಂದೇ ಒಂದು ಇತ್ತು. ಅದನ್ನು ಆಡಿದರೆ ಕೆಲಸ ಹೋದೀತು. ಕೆಲಸ ಹೋದರೆ ಈ ಪ್ರಾಯಕ್ಕೆ ಇನ್ನೊಂದು ವೀಸಾ ಯಾರು ಕೊಡುತ್ತಾರೆ?

ಕಪಾಟು ತೆರೆದು ಶೂ ತಂದು ಅವಳ ಕೈಗೆ ಕೊಟ್ಟೆ.

"ಶೂ ನಿಮ್ಮದು, ತಕ್ಕೊಳ್ಳಿ. ಮಗುವೂ ನಿಮ್ಮದು. ಒಂದು ಮಾತು ಕೇಳಿ ಕುಣಿಸಿ. ಈ ಹಲಗೆಯ ಅಡಿಗೆ ಫೋಮ್ ಹಾಕಬೇಕು. ಮೂರು ವಾರ ಕಳೆಯಿತು, ನಾನು ಹಾಕ್ಲಿಲ್ಲ. ನಿಮ್ಮ ಮಗಳು ಕುಣಿದದ್ದು ಕಲ್ಲಿನ ಮೇಲೆ. ನೋವು ಅಂತ ಗೊತ್ತಾದ ಮೇಲೆ ತಿಕ್ಕಿ ತಿಕ್ಕಿ ಕುಣಿಸಿದವಳೂ ನಾನೇ."

ತಾಯಿ ಬಗ್ಗಿ ಹಲಗೆಯ ಅಂಚು ಎತ್ತಿ ನೋಡಿದಳು. ಟೈಲ್ಸು ಕಂಡಿತು.

"ಯಾಕೆ ಹಾಕ್ಲಿಲ್ಲ?"

"ಒದ್ದೆ ಆಗಿತ್ತು. ಆಮೇಲೆ ಉದಾಸೀನ."

"ಯಾರಿಗಾದ್ರೂ ಹೇಳಿದ್ರಾ?"

"ಯಾರೂ ಕೇಳ್ಲಿಲ್ಲ."

ಆ ಕೊನೆಯ ಮಾತು ಆಡಬಾರದಿತ್ತು. ಅವಳ ಮುಖ ಕೆಂಪಾಯಿತು. "ಕೇಳುದಾ? ನಾವು ಬಂದು ಕೇಳಬೇಕಾ ನಿಮ್ಮತ್ರ, ಅಕ್ಕ, ಇವತ್ತು ನನ್ನ ಮಗಳ ಕಾಲು ಮುರಿಯುವ ಹಾಗೆ ನೆಲ ಹಾಸಿದ್ದೀರಾ ಅಂತ? ನಂಬಿ ಬಿಟ್ಟದ್ದಲ್ವಾ ನಿಮ್ಮನ್ನು! ಅಜ್ಜಿ ಅಜ್ಜಿ ಅಂತ ಸಾಯ್ತದೆ ಈ ಮಗು!" ಮಗಳ ಕೈ ಹಿಡಿದೆಳೆದಳು. "ನಡಿ. ಸ್ಪರ್ಧೆಯೂ ಬೇಡ, ಈ ಕ್ಲಾಸೂ ಬೇಡ. ಖಲಾಸ್."

ಹುಡುಗಿ ಬೊಬ್ಬೆ ಹಾಕಿ ಅತ್ತಳು. ಮೆಟ್ಟಿಲು ಇಳಿಯುವವರೆಗೆ ಕೇಳುತ್ತಿತ್ತು. ತಾಯಿ ನನ್ನ ಮಾತಿನ ಮೇಲಿನ ನಂಬಿಕೆಯಿಂದ ಮಗುವನ್ನು ಕರೆದುಕೊಂಡು ಹೋದದ್ದಲ್ಲ. ಸಿಟ್ಟಿನಿಂದ. ನನಗೆ ಅಷ್ಟು ಸಾಕಿತ್ತು. ಆ ಕಾಲು ಈ ನೆಲದಿಂದ ಆಚೆ ಹೋಯಿತು.

ಬಿಗ್ ಗರ್ಲ್ ಉಳಿದ ತಾಯಂದಿರಿಗೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದಳು. ಈಜಿಪ್ಟಿನ ತಾಯಿ ಎದ್ದು ತನ್ನ ಮಗಳ ಎರಡು ಕಾಲಿನ ಎಲುಬನ್ನೂ ಒತ್ತಿ ನೋಡಿದಳು. ಮೂವರನ್ನೂ ಟೈಲ್ಸಿನ ಮೇಲೆ ಒಂದೊಂದು ಕಾಲಿನಲ್ಲಿ ಕುಪ್ಪಳಿಸಲು ಹೇಳಿದೆ. ಗೋಡೆಗೆ ಮುಖ ಮಾಡಿ ನಿಂತು ಸದ್ದು ಕೇಳಿದೆ. ಆರು ಕಾಲೂ ಸರಿಯಿದ್ದವು. ಅಷ್ಟಾದರೂ ಯಾರೂ ನನ್ನೊಡನೆ ಮಾತಾಡದೆ ಮಕ್ಕಳನ್ನು ಕರೆದುಕೊಂಡು ಹೋದರು. ಫಿಲಿಪ್ಪೀನಿನ ತಾಯಿ ಮಾತ್ರ ಬಾಗಿಲಲ್ಲಿ ನಿಂತು, "ಅಜ್ಜಿ, ವೈ ಯೂ ನೋ ಟೆಲ್? ವಿ ಹೆಲ್ಪ್ ಯೂ," ಅಂದಳು. ಬೈದದ್ದಕ್ಕಿಂತ ಅದು ಹೆಚ್ಚು ತಾಗಿತು.

ಎಲ್ಲರೂ ಹೋದ ಮೇಲೆ ಫೋನಿನ ಬಟನ್ ಒತ್ತಿದೆ. "ಟೀಚರ್, ಫೋಮ್ ನೋ ಪುಟ್. ತ್ರೀ ವೀಕ್. ಮೈ ಮಿಸ್ಟೇಕ್. ಒನ್ ಗರ್ಲ್ ಲೆಗ್ ನೋ ಗುಡ್. ಮದರ್ ಟೇಕ್, ಗೋ." ಕಳಿಸಿದೆ.

ಉತ್ತರ ಬರುವವರೆಗೆ ಕೂರಲಾಗಲಿಲ್ಲ. ಶೂಗಳ ಲೇಸೆಲ್ಲ ಬಿಚ್ಚಿ ತೊಳೆದೆ. ಕನ್ನಡಿ ಒರೆಸಿದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ. ಮರುದಿನ ಬೆಳಿಗ್ಗೆ ಉತ್ತರ ಬಂತು. ನನಗೆ ಅರ್ಧ ಅರ್ಥವಾಯಿತು. ಉಳಿದರ್ಧವನ್ನು ಬಿಗ್ ಗರ್ಲ್ ಹಿಂದಿಯಲ್ಲಿ ಹೇಳಿದಳು. ಟೀಚರ್ ಹೇಳಿದ್ದು ಇಷ್ಟು: ಮೊದಲು ಫೋಮ್ ಹಾಸಿ, ಅಲ್ಲಿಯವರೆಗೆ ಯಾರೂ ಕುಣಿಯಬಾರದು. ನನಗೆ ಸಿಟ್ಟು ಬಂದಿದೆ, ನಾನು ದುಬೈಗೆ ಬಂದ ಮೇಲೂ ಅದು ಇರುತ್ತದೆ. ಆ ಹುಡುಗಿಯ ತಾಯಿಗೆ ನಾನೇ ಬರೆಯುತ್ತೇನೆ. ಮೂವರ ಕುಣಿತ ಅಂತ ಒಂದಿದೆ, ಬಿಗ್ ಗರ್ಲಿಗೆ ಗೊತ್ತು, ಅದನ್ನು ಕಲಿಸಿ, ಹೆಸರು ಬದಲಾಯಿಸಿ ಕಳಿಸುತ್ತೇನೆ. ಅಷ್ಟೇ. ಕೆಲಸ ಬಿಡು ಅನ್ನಲಿಲ್ಲ. ಇರು ಅಂತಲೂ ಅನ್ನಲಿಲ್ಲ.

ಶುಕ್ರವಾರ ರಜೆ. ಬೆಳಿಗ್ಗೆ ನಾನೊಬ್ಬಳೇ ಸುರುಳಿಗಳನ್ನು ಎಳೆಯುತ್ತಿದ್ದೆ. ಮೂವರ ಮನೆಯವರೂ ಬಂದರು. ಯಾರು ಯಾರಿಗೆ ಹೇಳಿದರೋ ಗೊತ್ತಿಲ್ಲ. ಸುರುಳಿಗಳನ್ನು ಟೆರೇಸಿಗೆ ಹೊತ್ತೆವು. ನಾತೂರ್ ಓಡಿ ಬಂದ. "ಮಾಫಿ, ಮಾಫಿ! ನಾಟ್ ಅಲೌಡ್!" ಮಾಫಿ ಅಂದರೆ ಇಲ್ಲಿಯ ಅರಬಿಯಲ್ಲಿ ಇಲ್ಲ, ಆಗುವುದಿಲ್ಲ ಅಂತ. ಈಜಿಪ್ಟಿನ ತಾಯಿ ಸೊಂಟಕ್ಕೆ ಕೈ ಕೊಟ್ಟು ಅರಬಿಯಲ್ಲಿ ಶುರುಮಾಡಿದಳು. ಏನು ಹೇಳಿದಳೋ, ಐದು ನಿಮಿಷದ ಮೇಲೆ ಅವನೇ ಎರಡು ಸುರುಳಿ ಹೆಗಲಿಗೇರಿಸಿಕೊಂಡು, "ಯಲ್ಲಾ, ಯಲ್ಲಾ," ನಡೀರಿ ನಡೀರಿ ಅನ್ನುತ್ತಾ ಮೇಲೆ ಹತ್ತಿದ. ಮಧ್ಯಾಹ್ನದ ಬಿಸಿಲಿಗೆ ಫೋಮು ಹಪ್ಪಳವಾಯಿತು. ನಾನು ಮೂರು ವಾರ ಮುಂದೂಡಿದ ಕೆಲಸ ಅರ್ಧ ದಿನದ್ದು.

ಇನ್ನು ಕಲಿಸುವುದು. ಎಂಟು ದಿನ ಇತ್ತು, ಪ್ರತಿ ಸಂಜೆ ಕ್ಲಾಸು. ನಾಲ್ವರ ಕುಣಿತ ಚೌಕಾಕಾರ. ಒಬ್ಬೊಬ್ಬರು ಒಂದೊಂದು ಮೂಲೆ. ಮೂವರದ್ದರಲ್ಲಿ ಇಬ್ಬರು ಕೈ ಎತ್ತಿ ಕಮಾನು ಹಿಡಿಯುತ್ತಾರೆ, ಮಧ್ಯದವಳು ಅದರ ಅಡಿಯಿಂದ ನುಗ್ಗಿ ಸುತ್ತಿ ಬರುತ್ತಾಳೆ. ಎತ್ತರದ ಈಜಿಪ್ಟಿನವಳನ್ನು ಮೊದಲು ಮಧ್ಯಕ್ಕೆ ಹಾಕಿದೆವು. ಕಮಾನಿಗೆ ತಲೆ ತಾಗಿ ಕ್ಲಿಪ್ಪು ಹಾರಿತು. ಫಿಲಿಪ್ಪೀನಿನ ಪುಟ್ಟಿಯನ್ನು ಹಾಕಿದೆವು, ಇಲಿಯ ಹಾಗೆ ನುಗ್ಗಿದಳು. ನೆಲದ ಮೇಲೆ ಮೂರು ಬಣ್ಣದ ಟೇಪು ಅಂಟಿಸಿದೆ, ಯಾರು ಎಲ್ಲಿಂದ ಹೊರಟು ಎಲ್ಲಿ ಮುಟ್ಟಬೇಕು ಅಂತ.

ಹೆಜ್ಜೆ ಎರಡು ದಿನದಲ್ಲಿ ಬಂತು. ಬಾರದ್ದು ಇನ್ನೊಂದು. ಸುತ್ತಿ ನಿಂತಾಗಲೆಲ್ಲ ಅಂಚಿನ ಇಬ್ಬರು ಹುಡುಗಿಯರ ಹೊರಗಿನ ಕೈ ತನ್ನಷ್ಟಕ್ಕೆ ಏಳುತ್ತಿತ್ತು. ಅಲ್ಲಿ ನಾಲ್ಕನೆಯವಳು ಇರುತ್ತಿದ್ದಳಲ್ಲ, ಅವಳ ಕೈ ಹಿಡಿಯಲು. ಖಾಲಿ ಗಾಳಿಗೆ ಕೈ ಚಾಚಿ, ಒಂದು ಗಳಿಗೆ ಕಾದು, ಆಮೇಲೆ ನೆನಪಾಗಿ ಇಳಿಸುವುದು. ಅಷ್ಟರಲ್ಲಿ ಒಂದು ಹೆಜ್ಜೆ ಹಿಂದೆ ಬಿದ್ದಿರುತ್ತಿತ್ತು. ಬಿಗ್ ಗರ್ಲ್ ಹತ್ತು ಸಲ ಹೇಳಿದಳು. ಮಲಯಾಳಿ ಮಗು ಅತ್ತೇಬಿಟ್ಟಿತು. "ಐ ನೋ ಶೀ ಇಸ್ ನಾಟ್ ದೇರ್. ಮೈ ಹ್ಯಾಂಡ್ ಡಸಂಟ್ ನೋ."

ಬೈದು ಪ್ರಯೋಜನವಿಲ್ಲ ಅಂತ ಕಂಡಿತು. ಹಳೆಯ ಪೇಪರ್ ತಂದು ಮಡಚಿ ಇಬ್ಬರ ಹೊರಗಿನ ಕೈಗೂ ತೊಡೆಗೂ ನಡುವೆ ಇಟ್ಟೆ. "ಪೇಪರ್ ಬಿದ್ದರೆ ಮೊದಲಿಂದ." ಭಾನುವಾರ ಹನ್ನೊಂದು ಸಲ ಬಿತ್ತು. ಸೋಮವಾರ ಆರು. ಮಂಗಳವಾರದಿಂದ ಎರಡು ದಿನ ಬಿಗ್ ಗರ್ಲ್ ಬರಲಿಲ್ಲ, ಪರೀಕ್ಷೆ. ಹೆಜ್ಜೆ ತೋರಿಸುವವರಿಲ್ಲ. ಮೇಜಿನ ಮೇಲೆ ನನ್ನ ಎರಡು ಬೆರಳನ್ನು ಕಾಲು ಮಾಡಿ ನಡೆಸಿ ತೋರಿಸಿದೆ, ಮಕ್ಕಳು ಬಿದ್ದು ಬಿದ್ದು ನಕ್ಕವು. "ಅಜ್ಜಿ, ಯುವರ್ ಫಿಂಗರ್ ಹ್ಯಾಸ್ ನೀ ಪೇನ್!" ನಗಲಿ ಅಂತ ಬಿಟ್ಟೆ. ಆಮೇಲೆ ಗೋಡೆಗೆ ಮುಖ ಮಾಡಿ ನಿಂತು, ಒಂಜಿ ರಡ್ಡ್ ಅಂತ ಲೆಕ್ಕ ಹಿಡಿದು ಬರೀ ಕೇಳಿದೆ. ಮೆತ್ತಗಿನ ಶೂ, ಅಡಿಗೆ ಫೋಮು, ಸದ್ದು ಈಗ ಗುಮ್ ಅಂತ ಅಷ್ಟೇ. ಆರು ಕಾಲು ಒಟ್ಟಿಗೆ ಬಿದ್ದರೆ ಒಂದೇ ಗುಮ್. ಒಬ್ಬಳು ತಡವಾದರೆ ಎರಡು. "ಕಮಾನಿನ ನಂತರ ಯಾರು ಕಾದದ್ದು?" ಅಂತ ಕೇಳಿದರೆ ತಪ್ಪು ಮಾಡಿದವಳೇ ಕೈ ಎತ್ತುತ್ತಿದ್ದಳು. ಹಿಂದೆ ಕಣ್ಣಿದೆ ಅಂತ ಅವುಗಳ ನಂಬಿಕೆ.

ನಡುವೆ ದಿನಕ್ಕೊಂದು ಸಲ ಅಲ್ ಬರ್ಷಾದ ತಾಯಿಯ ನಂಬರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಸ್ಪರ್ಧೆಯ ಹಿಂದಿನ ಸಂಜೆ ಎತ್ತಿ, "ಅವಳು ಕೂತಿದ್ದಾಳೆ. ಓಡುದಿಲ್ಲ, ಹಾರುದಿಲ್ಲ. ಸಾಕಾ?" ಅಂತ ಇಟ್ಟುಬಿಟ್ಟಳು. ಸಾಕಿತ್ತು. ಆದರೆ ನೋವುಂಟಾ ಇಲ್ಲವಾ, ಅದು ಗೊತ್ತಾಗಲಿಲ್ಲ. ನನ್ನ ಕಿವಿ ಸುಳ್ಳು ಹೇಳಿರಲೂಬಹುದಲ್ಲ. ಹಾಗಾದರೆ ಒಂದು ವರ್ಷ ಕಾದ ಮಗುವಿನ ಬಾಯಿಗೆ ಸುಮ್ಮನೆ ಮಣ್ಣು ಹಾಕಿದ ಹಾಗೆ. ವ್ಯಾನಿನಲ್ಲಿ ಅಬುಧಾಬಿಗೆ ಹೋಗುವ ಒಂದೂವರೆ ಗಂಟೆ ನನಗೆ ಇದೇ.

ಅಲ್ಲಿ ಒಂದು ಹೋಟೆಲಿನ ದೊಡ್ಡ ಹಾಲ್. ಎಲ್ಲಿ ನೋಡಿದರೂ ಸುರುಳಿ ಸುರುಳಿ ಟೋಪನ್ ಇಟ್ಟ ಮಕ್ಕಳು, ಕಾಲುಚೀಲ ಜಾರದ ಹಾಗೆ ಅಂಟು ಹಚ್ಚುವ ತಾಯಂದಿರು. ನಾನು ಮೊದಲು ಮಾಡಿದ್ದು ವೇದಿಕೆಯ ಅಂಚಿಗೆ ಹೋಗಿ ಗೆಣ್ಣಿನಿಂದ ತಟ್ಟಿ ನೋಡಿದ್ದು. ಅಡಿ ಟೊಳ್ಳಿತ್ತು, ಒಳ್ಳೆಯ ನೆಲ. ಒಬ್ಬ ಬಿಳಿಯ ಮನುಷ್ಯ ಬಂದು ನನ್ನನ್ನು ಎಬ್ಬಿಸಿದ.

ನಮ್ಮ ಮೂವರು ಹತ್ತಿದರು. ಏಳು ಹೆಜ್ಜೆ ಸರಿ, ಕಮಾನು ಸರಿ. ಒಂದೇ ಒಂದು ಸಲ, ಕೊನೆಗೆ, ಮಲಯಾಳಿ ಮಗುವಿನ ಹೊರಗಿನ ಕೈ ತೊಡೆಯಿಂದ ಎರಡು ಬೆರಳಿನಷ್ಟು ಎದ್ದು ಇಳಿಯಿತು. ಆರು ತಂಡದಲ್ಲಿ ನಾಲ್ಕನೆಯವರು. ಮಕ್ಕಳು ಪದಕ ಇಲ್ಲ ಅಂತ ಹತ್ತು ನಿಮಿಷ ಅತ್ತು, ಆಮೇಲೆ ಐಸ್‌ಕ್ರೀಮಿಗೆ ಓಡಿದವು. ತಾಯಂದಿರು ನನಗೂ ಒಂದು ಕೊಟ್ಟರು. ಕೈಯಲ್ಲೇ ಕರಗಿತು.

ಟೀಚರ್ ತಂದೆಯ ಕಾರ್ಯ ಮುಗಿಸಿ ಬಂದಳು. ತೆಳ್ಳಗಾಗಿದ್ದಳು. ಹೇಳಿದ ಹಾಗೆ ಸಿಟ್ಟನ್ನೂ ತಂದಿದ್ದಳು. ಚಿಕ್ಕವರ ಕ್ಲಾಸನ್ನು ಒಂದು ತಿಂಗಳು ನನಗೆ ಕೊಡಲಿಲ್ಲ. ನಾನು ಕೇಳಲೂ ಇಲ್ಲ. ನೆಲ ಹಾಸುವುದು, ಎತ್ತುವುದು, ಅಷ್ಟೇ ಮಾಡಿದೆ.

ಟೀಚರ್ ಬಂದ ಮರುವಾರ ಮಧ್ಯಾಹ್ನ ಉಡುಪಿ ಹುಡುಗಿಯ ತಾಯಿ ಬಂದಳು. ಜೊತೆಗೆ ಹುಡುಗಿ, ಬಲಗಾಲಿಗೆ ಮೊಣಕಾಲಿನವರೆಗೆ ಬೂದು ಬಣ್ಣದ ದೊಡ್ಡ ಬೂಟು. ನಾನು ಹಲಗೆ ಹಾಸುತ್ತಿದ್ದವಳು ಎದ್ದು ನಿಂತೆ. ತಾಯಿ ಕೂರಲಿಲ್ಲ.

"ನೋವು ಹೋಗ್ಲೇ ಇಲ್ಲ. ಬೇರೆ ಡಾಕ್ಟರಿಗೆ ತೋರಿಸಿದೆವು, ದೊಡ್ಡ ಸ್ಕ್ಯಾನ್ ಮಾಡಿದ್ರು. ಬಿರುಕು ಉಂಟು ಎಲುಬಿನಲ್ಲಿ. ಶುರುವಿಗೆ ಎಕ್ಸ್‌ರೇಯಲ್ಲಿ ಕಾಣುದಿಲ್ಲವಂತೆ ಅದು. ಕುಣಿದಿದ್ರೆ ಪೂರ್ತಿ ಮುರೀತಿತ್ತಂತೆ."

ಕೈಯಲ್ಲಿದ್ದ ಹಲಗೆಯನ್ನು ಗೋಡೆಗೆ ಒರಗಿಸಿದೆ.

"ನೀವು ಫೋಮ್ ಹಾಕಿದ್ರೆ ಈ ಬಿರುಕೇ ಇರ್ತಿರ್ಲಿಲ್ಲ ಅಕ್ಕ. ನೀವು ಬಾಯಿ ಬಿಡದಿದ್ರೆ ನಾನು ಅವಳನ್ನು ಕುಣಿಸಿಯೇ ಬಿಡ್ತಿದ್ದೆ. ಎರಡನ್ನೂ ನಿಮ್ಮ ಮುಖ ನೋಡಿ ಹೇಳುವ ಅಂತ ಬಂದದ್ದು."

"ಎರಡೂ ಸರಿ," ಅಂದೆ.

ಹುಡುಗಿ ಬೂಟು ಎಳೆಯುತ್ತಾ ಹತ್ತಿರ ಬಂದಳು. "ಅಜ್ಜಿ, ಹೂ ಡಿಡ್ ಮೈ ಪ್ಲೇಸ್?"

"ಯಾರೂ ಇಲ್ಲ. ಅವರು ಕುಣಿದದ್ದು ಬೇರೆ ಕುಣಿತ."

ಅವಳಿಗೆ ಅದು ಸಮಾಧಾನವಾದ ಹಾಗೆ ಕಂಡಿತು. ತಾಯಿ ಚೀಲದ ದಾರವನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದಳು.

"ಆರು ವಾರ ಆದ ಮೇಲೆ ಕುಣೀಬಹುದು ಅಂದಿದ್ದಾರೆ ಡಾಕ್ಟರ್. ನೀವೆಷ್ಟು ಹೇಳ್ತೀರಿ?"

"ಡಾಕ್ಟರ್ ಹೇಳಿದ್ದಾರಲ್ಲ."

"ಡಾಕ್ಟರ್ ಮೊದಲೂ ಹೇಳಿದ್ರು ಅಕ್ಕ."

"ಎಂಟು," ಅಂದೆ.

ಹುಡುಗಿ ಓ ಅಂತ ಅಳಲು ಹಿಡಿದಳು. ತಾಯಿ ಫೋನು ತೆಗೆದು, ವಾರ ಎಣಿಸಿ, ಎಂಟನೆಯ ವಾರದ ಭಾನುವಾರಕ್ಕೆ ಗುರುತು ಹಾಕಿಕೊಂಡಳು.